ಅರ್ಧ ರಸ್ತೆಯ ಎರಡು ತುದಿ

ಆ ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆಯ ಅರ್ಧ ಭಾಗ ಕಣಿವೆ ಪಾಲಾಯಿತು. ಉಳಿದ ಅರ್ಧದಲ್ಲೇ ಇಡೀ ಸೀಮೆಯ ಗಾಡಿಗಳು ಓಡಾಡಬೇಕು. ಹಾಲಿನ ವ್ಯಾನು, ಶಾಲೆಯ ಬಸ್ಸು, ಟ್ರ್ಯಾಕ್ಟರು, ಜಲ್ಲಿ ಲಾರಿ, ಮೂಟೆ ಹೇರಿಕೊಂಡ ಸ್ಕೂಟರು, ಎಲ್ಲಕ್ಕೂ ಅದೊಂದೇ ದಾರಿ. ಎದುರುಬದುರಾಗಿ ಎರಡು ಗಾಡಿ ಬಂದವೋ, ಒಂದು ಹಿಮ್ಮುಖವಾಗಿ ತೆವಳಬೇಕು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ. ಅಲ್ಲಿ ‘ನೀನು ಹಿಂದೆ ಹೋಗು, ನೀನು ಹಿಂದೆ ಹೋಗು’ ಅಂತ ಜಗಳವಾಡುತ್ತ ಡ್ರೈವರುಗಳು ಅರ್ಧ ದಿನ ಕಳೆದದ್ದೂ ಉಂಟು.

ತಡೆಗೋಡೆ ಕಟ್ಟಲು ಬಂದ ಮೇಸ್ತ್ರಿ ಮೊದಲು ಇಬ್ಬರು ಗಂಡಸರನ್ನು ಎರಡು ತುದಿಯಲ್ಲಿ ನಿಲ್ಲಿಸಿ ನೋಡಿದ. ಡ್ರೈವರು ಬೈದರೆ ಇವರೂ ಬೈದರು, ಕೈಲಿದ್ದ ಕೋಲು ಬಿಸಾಕಿ ತೋಳೇರಿಸಿದರು. ಆಮೇಲೆ ಅವನು ಊರೊಳಗೆ ಬಂದು, “ಹೆಂಗಸರು ಯಾರಾದ್ರೂ ಬರ್ತೀರಾ? ನೀವಾದ್ರೆ ಬೈಗುಳ ಕಿವಿಗೆ ಹಾಕ್ಕೊಳ್ಳಲ್ಲ” ಅಂದ.

“ಹಾಕ್ಕೊಳ್ತೀವಿ. ಬಾಯಿಗೆ ಮಾತ್ರ ತಂದ್ಕೊಳ್ಳಲ್ಲ,” ಅಂದಳು ಮೆಕ್ಯಾನಿಕ್‌ನ ಹೆಂಡತಿ.

ಕೆಲಸ ಅಲ್ಲೇ ಖಾಯಂ ಆಯಿತು. ಅವಳ ಗಂಡ ಲಾರಿಗಳ ಅಡಿ ಮಲಗಿ ಮಲಗಿ ಸೊಂಟ ಕಳೆದುಕೊಂಡು ಮನೆಯಲ್ಲಿದ್ದ. ಅವಳಿಗೋ ಮನೆಯ ನಾಲ್ಕು ಗೋಡೆ ನೋಡಿ ನೋಡಿ ಸಾಕಾಗಿತ್ತು. ರಸ್ತೆ ಬದಿಗೆ ನಿಂತು ಬಂದುಹೋಗುವವರನ್ನು ನೋಡುವುದೆಂದರೆ ಚಿಕ್ಕಂದಿನಿಂದ ಪ್ರಾಣ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. ಮೊದಲ ದಿನ ಬೋರ್ಡು ಬಂದಿರಲಿಲ್ಲ. ಅವಳು ಹಳೆಯ ಕೆಂಪು ಲಂಗದ ತುಂಡನ್ನು ಕೋಲಿಗೆ ಕಟ್ಟಿ ಬೀಸಿದಳು. ಸಂಜೆಯ ಹೊತ್ತಿಗೆ ಡ್ರೈವರುಗಳ ಬಾಯಲ್ಲಿ ಅವಳು ಬಾವುಟದಕ್ಕ ಆಗಿದ್ದಳು. ಮರುದಿನ ಒಂದು ಕಡೆ ಕೆಂಪು ‘ನಿಲ್ಲಿ’, ಇನ್ನೊಂದು ಕಡೆ ಹಸಿರು ‘ಹೋಗಿ’ ಬರೆದ ಬೋರ್ಡು ಬಂತು. ಹೆಸರು ಮಾತ್ರ ಹಾಗೇ ಉಳಿಯಿತು.

ಬೋರ್ಡಿನ ಜೊತೆ ಒಂದು ವಾಕಿಟಾಕಿಯೂ ಬಂತು. ಅವಳದು ಮೇಲಿನ ತುದಿ. ನಡುವೆ ರಸ್ತೆ ಗುಡ್ಡವನ್ನು ಬಳಸಿ ತಿರುಗುವುದರಿಂದ ಕೆಳಗಿನ ತುದಿ ಕಾಣುವುದಿಲ್ಲ. ಮಾತಿನಲ್ಲೇ ಎಲ್ಲ ನಡೆಯಬೇಕು. ಮೇಸ್ತ್ರಿ ಗುಂಡಿ ಒತ್ತುವುದನ್ನು ಹೇಳಿಕೊಟ್ಟು ಹೋದ. ಅವಳು ಒತ್ತಿ, “ಹಲೋ, ಮೇಲಿನ ತುದಿ,” ಅಂದಳು.

“ಕೆಳಗಿನ ತುದಿ ರೆಡಿ,” ಎಂದಿತು ಪೆಟ್ಟಿಗೆ.

ಬಾವುಟದಕ್ಕ ಪೆಟ್ಟಿಗೆಯನ್ನು ಕಿವಿಯಿಂದ ದೂರ ಹಿಡಿದಳು. ಆ ದನಿ ಅವಳ ಗಂಡನ ದನಿಗೇ ಸೀರೆ ಉಡಿಸಿದ ಹಾಗಿತ್ತು. ಅವಳ ನಾದಿನಿ. ಗಂಡನ ಸ್ವಂತ ತಂಗಿ. ಪಕ್ಕದೂರಿನಲ್ಲೇ ಮನೆ, ಆದರೆ ಮಾತು ನಿಂತು ವರ್ಷಗಳಾಗಿದ್ದವು.

ಜಗಳಕ್ಕೆ ಕಾರಣ ಹೇಳಿದರೆ ಇಷ್ಟೇನಾ ಅನ್ನಿಸಬಹುದು. ಅತ್ತೆಗೆ ಮಗಳನ್ನು ಕಂಡರೆ ಜೀವ. ನೋಡಬೇಕು ಅನ್ನಿಸಿದಾಗೆಲ್ಲ, “ನಾನಿನ್ನು ಉಳಿಯಲ್ಲ, ಅವಳಿಗೆ ಹೇಳಿ ಕಳಿಸು,” ಅನ್ನುವರು. ಮಗಳು ಏದುಸಿರು ಬಿಡುತ್ತ ಓಡಿಬಂದರೆ ಅಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿರುತ್ತಿದ್ದರು. ಹೀಗೆ ಹಲವು ಸಲ ಆಗಿತ್ತು. ಕೊನೆಗೊಂದು ದಿನ ನಿಜವಾಗಿಯೂ ಉಸಿರು ಎಳೆಯತೊಡಗಿದಾಗ ಬಾವುಟದಕ್ಕ ಫೋನು ಮಾಡಿದಳು. “ನಿಜವಾಗ್ಲೂನಾ ಅತ್ತಿಗೆ, ಇಲ್ಲಾ ಅಮ್ಮನ ನಾಟಕಾನಾ?” ಅಂತ ನಾದಿನಿ ಕೇಳಿದಳು. ನಿಜ ಅಂದರೂ, ಹೊಲದ ಕೆಲಸ ಮುಗಿಸಿ ನಾಳೆ ಬರ್ತೀನಿ ಅಂದಳು. ನಾಳೆಯವರೆಗೆ ಆ ಜೀವ ಕಾಯಲಿಲ್ಲ. ಮಾರನೆಯ ದಿನ ತುಂಬಿದ ಮನೆಯಲ್ಲಿ, ಎಲ್ಲರ ಎದುರಿಗೆ, “ಗಟ್ಟಿಯಾಗಿ ಒಂದು ಮಾತು ಹೇಳಿದ್ರೆ ಬರ್ತಿರಲಿಲ್ವಾ ನಾನು? ಅತ್ತಿಗೆ ಸರಿಯಾಗಿ ಹೇಳಲೇ ಇಲ್ಲ,” ಎಂದು ಅತ್ತಳು. ನಿದ್ದೆಗೆಟ್ಟು, ಸೇವೆ ಮಾಡಿ ಬಳಲಿದ್ದ ಬಾವುಟದಕ್ಕನ ಬಾಯಿಂದ, “ತೋಳ ಬಂತು ತೋಳ ಅಂದಿದ್ದು ನಾನಲ್ಲ, ನಿಮ್ಮಮ್ಮ,” ಅಂತ ಬಂದುಬಿಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅವಳ ಗಂಡ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ. ತಂಗಿಯ ಮನೆಗೆ ಒಬ್ಬನೇ ಹೋಗಿಬರುತ್ತಿದ್ದ, ಬಂದಮೇಲೆ ಹೆಂಡತಿ ಏನೂ ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ.

ಆ ದನಿ ಕೇಳಿದ ದಿನ ಅವಳಿಗೆ ಬೋರ್ಡು ಇಟ್ಟು ಮನೆಗೆ ಹೋಗಿಬಿಡೋಣ ಅನ್ನಿಸಿತ್ತು. ಆದರೆ ಅಷ್ಟರಲ್ಲಿ ಗಾಡಿಗಳು ಸಾಲುಗಟ್ಟಿದ್ದವು. ಹಾಲಿನ ವ್ಯಾನಿನವನು, “ಅಕ್ಕಾ, ಬಿಸಿಲಿಗೆ ಹಾಲು ಒಡೆದ್ರೆ ಗಿಣ್ಣ ಮಾಡ್ಕೊಂಡು ತಿನ್ನೋಣ್ವಾ?” ಅಂತ ಕೂಗುತ್ತಿದ್ದ. ಗುಂಡಿ ಒತ್ತಲೇಬೇಕಾಯಿತು.

ಇಬ್ಬರೂ ಒಂದು ಉಪಾಯ ಕಂಡುಕೊಂಡರು. ಮಾತಾಡಿಕೊಂಡು ಕಂಡುಕೊಂಡದ್ದಲ್ಲ, ತಾನಾಗಿ ಆದದ್ದು. ‘ಬಿಟ್ಟಾಯ್ತು.’ ‘ಬಿಡಬಹುದು.’ ‘ಕೊನೇದು ನೀಲಿ ಕಾರು.’ ‘ದಾಟಿತು.’ ಈ ಮಾತುಗಳಲ್ಲಿ ನೀನು ಅನ್ನಬೇಕೋ ನೀವು ಅನ್ನಬೇಕೋ ಎಂಬ ಗೋಜಿಲ್ಲ, ಅತ್ತಿಗೆಯೂ ಇಲ್ಲ, ನಾದಿನಿಯೂ ಇಲ್ಲ. ಕೆಲಸದ ನಿಯಮವೂ ಸುಲಭ. ಒಂದು ತುದಿಯಿಂದ ಸಾಲು ಬಿಡುವಾಗ ಕಟ್ಟಕಡೆಯ ಗಾಡಿ ಯಾವುದೆಂದು ಹೇಳಬೇಕು. ಆ ಗಾಡಿ ಇನ್ನೊಂದು ತುದಿ ದಾಟಿದ ಮೇಲೆ ಅಲ್ಲಿಯವರು ತಮ್ಮ ಸಾಲನ್ನು ಬಿಡಬೇಕು. ಹೀಗೆ ದಿನಕ್ಕೆಷ್ಟೋ ಸಲ ಒಬ್ಬಳ ಮಾತನ್ನು ನಂಬಿ ಇನ್ನೊಬ್ಬಳು ಹಸಿರು ಬೋರ್ಡು ತಿರುಗಿಸುತ್ತಿದ್ದಳು.

ಒಮ್ಮೆ ಮಾತ್ರ ಆ ಬಿಗಿ ಸ್ವಲ್ಪ ಸಡಿಲವಾಗಿತ್ತು. ಕೆಳಗಿನಿಂದ ಒಂದು ಮಂದೆ ಕುರಿ ಹೊರಟಿತ್ತು.

“ಬಿಟ್ಟಾಯ್ತು. ಕೊನೇದು ಕುರಿ.”

“ಯಾವ ಕುರಿ?”

“ಕುಂಟೋ ಕುರಿ,” ಅಂತ ಬಂತು.

ಕುರಿಗಳೇನು ಬೋರ್ಡು ಓದಿ ಬಂದವೇ? ಮಂದೆ ನಡುದಾರಿಯಲ್ಲಿ ಹುಲ್ಲು ಕಂಡು ಗುಡ್ಡ ಹತ್ತಿತು. ಕುರುಬ ಅತ್ತ, ನಾಯಿ ಇತ್ತ. ಎರಡೂ ತುದಿಯಲ್ಲಿ ಹಾರನ್ನುಗಳ ಮೇಳ. ಬಹಳ ಹೊತ್ತಿನ ಮೇಲೆ ಕುಂಟುವ ಕುರಿ ಬಂದದ್ದೇ ಎಲ್ಲಕ್ಕಿಂತ ಮೊದಲು. ಬಾವುಟದಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆದರೆ ಗುಂಡಿಯಿಂದ ಬೆರಳು ತೆಗೆದು ನಕ್ಕಳು. ಕೆಳಗಿನವಳೂ ನಕ್ಕಿರಬಹುದೇ ಎಂದು ಆ ರಾತ್ರಿ ಗಂಡನಿಗೆ ಕೇಳಬೇಕೆನ್ನಿಸಿತು. ಕೇಳಲಿಲ್ಲ.

ಆ ದಿನ ಬಂದದ್ದು ಗೋಡೆ ಅರ್ಧಕ್ಕಿಂತ ಮೇಲೆದ್ದಿದ್ದ ಕಾಲದಲ್ಲಿ. ಶಾಲೆ ಬಿಡುವ ಹೊತ್ತು. ಗೋಡೆಯ ಕೆಲಸದವರು ಚಹಾ ಕುಡಿಯಲು ಮೇಲಿನ ದಿಬ್ಬಕ್ಕೆ ಹೋಗಿದ್ದರು. ಅವರ ಮರಳಿನ ರಾಶಿ ಕೆಳಗಿನ ತುದಿಯ ಪಕ್ಕದಲ್ಲಿತ್ತು, ಅದರ ಮುಂದೆ ಟಾರು ತುಂಬಿದ ಡ್ರಮ್ಮುಗಳು ಅಡ್ಡ ನಿಂತಿದ್ದವು. ಬಾವುಟದಕ್ಕ ತನ್ನ ಸಾಲನ್ನು ಬಿಟ್ಟು, “ಕೊನೇದು ಬಿಳಿ ವ್ಯಾನು,” ಅಂದಿದ್ದಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಉತ್ತರ ಬಂತು: “ವ್ಯಾನು ದಾಟಿತು. ಇಲ್ಲಿಂದ ಬಿಟ್ಟಾಯ್ತು. ಮುಂದೆ ಶಾಲೆ ಬಸ್ಸು.”

ಅವಳು ಕೆಂಪು ಬೋರ್ಡು ಹಿಡಿದು ನಿಂತಳು. ಪಕ್ಕದಲ್ಲಿ ಹಾಲಿನ ವ್ಯಾನು, ಒಂದು ಸ್ಕೂಟರು. ಆಗ ಮೇಲಿನ ತಿರುವಿನಿಂದ ಹಾರನ್ನು ಕೇಳಿಸಿತು. ‘ದಾರಿ ಬಿಡಿ’ ಅನ್ನುವ ಹಾರನ್ನಲ್ಲ ಅದು. ನಿಲ್ಲದೆ, ಉಸಿರು ತೆಗೆದುಕೊಳ್ಳದೆ ಕೂಗುತ್ತಿದ್ದ ಹಾರನ್ನು. ಹಿಂದೆಯೇ ಸುಟ್ಟ ರಬ್ಬರಿನಂಥ ವಾಸನೆ. ಮೆಕ್ಯಾನಿಕ್‌ನ ಜೊತೆ ಇಷ್ಟು ವರ್ಷ ಬಾಳಿದವಳಿಗೆ ಆ ವಾಸನೆ ಏನೆಂದು ಯಾರೂ ಹೇಳಬೇಕಾಗಿರಲಿಲ್ಲ.

ಜಲ್ಲಿ ತುಂಬಿದ ಲಾರಿ. ಡ್ರೈವರು ಕಿಟಕಿಯಿಂದ ಅರ್ಧ ಹೊರಗೆ ಬಂದು ಕೈ ಬೀಸುತ್ತಿದ್ದ. ಗೇರು ಕೆಳಗಿಳಿಸಿ ಇಂಜಿನ್ನು ಅರಚುತ್ತಿತ್ತು, ಆದರೂ ಇಳಿಜಾರು ಅದನ್ನು ಎಳೆದುಕೊಂಡು ಬರುತ್ತಿತ್ತು.

“ಪಕ್ಕಕ್ಕೆ! ಚರಂಡಿಗೆ ಹಾಕ್ರೋ ಗಾಡೀನಾ!” ಅಂತ ಅವಳು ಕಿರುಚಿದಳು. ಸ್ಕೂಟರಿನವನು ಸ್ಕೂಟರನ್ನೇ ಬಿಟ್ಟು ದಿಬ್ಬ ಹತ್ತಿದ. ಹಾಲಿನ ವ್ಯಾನು ಚರಂಡಿಗೆ ವಾಲಿತು. ಲಾರಿ ಅವರ ಪಕ್ಕದಲ್ಲೇ ಗುಡ್ಡದ ಮಣ್ಣಿಗೆ ಮೈ ಉಜ್ಜುತ್ತ, ಕಲ್ಲು ಸಿಡಿಸುತ್ತ ಅರ್ಧ ರಸ್ತೆಗೆ ನುಗ್ಗಿತು. ಆ ಕೊನೆಯಲ್ಲಿ ಶಾಲೆಯ ಬಸ್ಸು.

ಅವಳು ಗುಂಡಿ ಒತ್ತಿದಳು. “ಲಾರಿ ಬರ್ತಿದೆ! ಬ್ರೇಕಿಲ್ಲ! ಬಸ್ಸು ಹಿಂದಕ್ಕೆ ತಗೊಳ್ಳೆ, ಎಲ್ಲಾರನ್ನೂ ಹೊಲಕ್ಕಿಳಿಸು! ಮರಳಿನ ರಾಶಿ ಮುಂದೆ ಖಾಲಿ ಮಾಡು!”

“ಸರಿ ಅತ್ತಿಗೆ.”

ಅಷ್ಟೇ. ನಿಜವಾಗ್ಲೂನಾ ಅನ್ನಲಿಲ್ಲ, ಏನು ಎತ್ತ ಅನ್ನಲಿಲ್ಲ. ಆಮೇಲೆ ಪೆಟ್ಟಿಗೆಯಲ್ಲಿ ಏನೋ ಬಿದ್ದ ಸದ್ದು, ದೂರದಿಂದ ಕೂಗಾಟ, ನಂತರ ಬರೀ ಗೊರಗೊರ.

ಬಾವುಟದಕ್ಕನ ಕಾಲುಗಳು ಕೆಳಕ್ಕೆ ಓಡಲು ಹಾತೊರೆದವು. ಆದರೆ ಮೇಲಿನಿಂದ ಮತ್ತೆ ಗಾಡಿಗಳು ಬರತೊಡಗಿದ್ದವು. ಅವಳು ಹೋದರೆ ಅವೆಲ್ಲ ಲಾರಿಯ ಬೆನ್ನ ಮೇಲೆ ಹೋಗಿ ಬೀಳುತ್ತವೆ. ಬೋರ್ಡನ್ನು ಎದೆಗೊತ್ತಿ ಹಿಡಿದು ರಸ್ತೆಯ ನಟ್ಟನಡುವೆ ನಿಂತಳು. ಹಾರನ್ನು ದೂರವಾಗುತ್ತ, ತಿರುವಿನಾಚೆ ಸಣ್ಣದಾಗುತ್ತ ಹೋಯಿತು. ನಂತರ ಧೊಪ್ಪೆಂದು ಒಂದು ಸದ್ದು. ನಂತರ ಹಾರನ್ನೂ ಇಲ್ಲ.

ಯಾರೋ ಕಾರಿನವರು, “ಇನ್ನೂ ಎಷ್ಟು ಹೊತ್ತಮ್ಮಾ?” ಅಂದರು. ಅವಳ ಮುಖ ನೋಡಿ ಇಂಜಿನ್ನು ಆರಿಸಿದರು. “ಲೇ... ಮಾತಾಡೇ... ಏನಾದ್ರೂ ಹೇಳೇ...” ಎಂದು ಅವಳು ಗುಂಡಿ ಒತ್ತುತ್ತಲೇ ಇದ್ದಳು. ಹಾಲಿನ ವ್ಯಾನಿನವನು ಚರಂಡಿಯಿಂದ ಎದ್ದು ಬಂದು, ಅವಳ ಪಕ್ಕದಲ್ಲಿ ನಿಂತ. ಅವನು ನಿಂತದ್ದನ್ನು ಅವಳು ಬದುಕಿರುವವರೆಗೂ ಮರೆಯಲಿಲ್ಲ.

ಕೊನೆಗೆ ಪೆಟ್ಟಿಗೆ ಗೊರಗುಟ್ಟಿತು. ಗಂಡಸಿನ ದನಿ. “ಮೇಲಿನ ಅಕ್ಕಾ, ನಾನು ಬಸ್ ಡ್ರೈವರು. ಮಕ್ಕಳೆಲ್ಲ ಸುಖವಾಗಿದಾರೆ. ಯಾರಿಗೂ ಏನೂ ಆಗಿಲ್ಲ. ಲಾರಿ ಮರಳಿಗೆ ಹೊಕ್ಕೊಂಡಿದೆ, ಅವನ ಮಣಿಕಟ್ಟು ಮುರಿದಿರಬೇಕು, ಅಷ್ಟೆ.”

“ನಮ್ಮ ನಾದಿನಿ?”

“ಕೂತಿದಾರೆ. ಮಾತು ಹೊರಡ್ತಿಲ್ಲ. ಒಂದು ಚಪ್ಪಲಿ ಕಾಣ್ತಿಲ್ಲ.”

ಬಾವುಟದಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತಳೋ ನಕ್ಕಳೋ ಅವಳಿಗೇ ತಿಳಿಯಲಿಲ್ಲ.

ಮೇಸ್ತ್ರಿ ದಿಬ್ಬದಿಂದ ಓಡಿಬಂದು ಬೋರ್ಡು ತೆಗೆದುಕೊಂಡ ಮೇಲೆಯೇ ಅವಳು ಕೆಳಗೆ ಹೋದದ್ದು. ದಾರಿಯುದ್ದಕ್ಕೂ ಗುಡ್ಡದ ಗೋಡೆಯ ಮೇಲೆ ಲಾರಿ ಉಜ್ಜಿದ ಗೀರು. ಲಾರಿಯ ಡ್ರೈವರು ಹಾರಿಕೊಂಡು ತನ್ನ ಜೀವ ಉಳಿಸಿಕೊಳ್ಳಬಹುದಿತ್ತು. ಹಾರದೆ, ಲಾರಿಯನ್ನು ಗುಡ್ಡಕ್ಕೆ ಒತ್ತಿ ಒತ್ತಿ ವೇಗ ಕಡಿಮೆ ಮಾಡಿದ್ದ. ಅವನ ಮುಖವನ್ನೇ ಸರಿಯಾಗಿ ನೋಡಿರದ ಅವಳು ನಡೆಯುತ್ತಲೇ ಅವನನ್ನು ಹರಸಿದಳು.

ಕೆಳಗೆ ಸಂತೆ ನೆರೆದಿತ್ತು. ಲಾರಿಯ ಮೂತಿ ಮರಳಿನ ರಾಶಿಯಲ್ಲಿ ಹೂತುಹೋಗಿತ್ತು. ರಾಶಿಯ ಮುಂದೆ ಅಡ್ಡವಾಗಿಟ್ಟಿದ್ದ ಡ್ರಮ್ಮುಗಳು ಹೊಲದಲ್ಲಿ ಉರುಳಿ ಬಿದ್ದಿದ್ದವು. ಬಸ್ಸು ಹಿಂದುಮುಂದಾಗಿ ಬದುವಿನ ಆಚೆ ನಿಂತಿತ್ತು. ಮಕ್ಕಳು ಬೆನ್ನಿಗೆ ಚೀಲ ಹಾಕಿಕೊಂಡೇ ಕುಣಿಯುತ್ತ, ಬಂದವರಿಗೆಲ್ಲ ಒಬ್ಬರ ಮೇಲೊಬ್ಬರು ಕಥೆ ಹೇಳುತ್ತಿದ್ದರು. ಒಬ್ಬಳಂತೂ ಲಾರಿಯನ್ನು ತಾನೇ ನಿಲ್ಲಿಸಿದ ಹಾಗೆ ಹೇಳುತ್ತಿದ್ದಳು.

ಬಸ್ ಡ್ರೈವರು ನಡೆದದ್ದನ್ನು ವಿವರಿಸಿದ. “ನಾನು ಆಗಲೇ ಒಳಗೆ ಹೊರಟಿದ್ದೆ ಅಕ್ಕ. ಈಯಮ್ಮ ಎಲ್ಲಿಂದಲೋ ಬಂದು ಬಸ್ಸಿನ ಮುಂದೆ ಬೋರ್ಡು ಅಡ್ಡ ಹಿಡಿದ್ರು. ‘ಹಿಂದಕ್ಕೆ, ಹಿಂದಕ್ಕೆ’ ಅಂತ ಬಾನೆಟ್ಟು ಬಡಿದ್ರು. ‘ಯಾಕಮ್ಮಾ’ ಅಂದೆ. ‘ಅತ್ತಿಗೆ ಹೇಳಿದಾರೆ’ ಅಂದ್ರು. ‘ಯಾವ ಅತ್ತಿಗೆ’ ಅಂದೆ. ‘ನಮ್ಮತ್ತಿಗೆ! ಅವರು ಹೇಳಿದಾರೆ ಅಂದ್ರೆ ಹೇಳಿದಾರೆ, ತೆಗಿ ಹಿಂದಕ್ಕೆ!’ ಅಂತ ಒಂದು ಗದರಿಕೆ. ನನಗೆ ನಮ್ಮಮ್ಮ ಬೈದಂಗಾಯ್ತು, ರಿವರ್ಸ್ ಹಾಕಿಬಿಟ್ಟೆ. ನಾನು ಹೊಲಕ್ಕಿಳಿಸೋಷ್ಟರಲ್ಲಿ ಅವರು ಆ ಡ್ರಮ್ಮುಗಳನ್ನ ಒಬ್ಬರೇ ಉರುಳಿಸ್ತಿದ್ರು. ತುಂಬಿದ ಡ್ರಮ್ಮು! ಈಗ ಹೋಗಿ ಅಲುಗಿಸಿ ನೋಡ್ದೆ, ನನ್ನ ಕೈಲಾಗ್ಲಿಲ್ಲ.”

ನಾದಿನಿ ಒಂದು ಡ್ರಮ್ಮಿನ ಮೇಲೆ ಕೂತಿದ್ದಳು. ಕೂದಲು ಬಿಚ್ಚಿಹೋಗಿತ್ತು, ಒಂದು ಕಾಲು ಬರಿಗಾಲು. ಬೋರ್ಡನ್ನು ಇನ್ನೂ ಕೆಂಪು ಮುಂದಾಗಿ ಹಿಡಿದೇ ಇದ್ದಳು. ಅತ್ತಿಗೆಯನ್ನು ಕಂಡು ಏಳಲು ಹೋದಳು.

“ಕೂತ್ಕೋ,” ಅಂದಳು ಬಾವುಟದಕ್ಕ. “ಹೆದರಿದ್ಯಾ?”

“ಆವಾಗ ಹೆದರಿರಲಿಲ್ಲ. ಈಗ ಹೆದರ್ತಿದೀನಿ.”

ಬಾವುಟದಕ್ಕನ ಎದೆಯೊಳಗೆ ಏನೇನೋ ತುಂಬಿಬಂದಿತ್ತು. ನೀನು ನಂಬಿದೆಯಲ್ಲೇ, ಎದುರು ಮಾತಾಡದೆ ನಂಬಿದೆಯಲ್ಲೇ ಎಂದು ಹೇಳಬೇಕು. ಆದರೆ ಅವರ ಮನೆತನದಲ್ಲಿ ಒಬ್ಬರು ಇನ್ನೊಬ್ಬರಿಗೆ ಧನ್ಯವಾದ ಹೇಳಿದವರಲ್ಲ. ಅದು ಮೈಕಿನ ಮುಂದೆ ಹೇಳುವ ಮಾತು. ಅವಳು ನೆಲದ ಮೇಲೆ ಕೂತು, ನಾದಿನಿಯ ಬರಿಗಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಅಂಗಾಲಿನಲ್ಲಿ ಮುಳ್ಳು ಮುರಿದಿತ್ತು.

“ಅಯ್ಯೋ ಬಿಡಿ ಅತ್ತಿಗೆ, ದೊಡ್ಡೋರು ನೀವು, ಕಾಲು ಮುಟ್ತೀರಾ?”

“ದೊಡ್ಡೋಳು ಹೇಳಿದ್ದು ಕೇಳು. ಅಲ್ಲಾಡಬೇಡ.” ತಲೆಯ ಪಿನ್ನು ತೆಗೆದು ಮುಳ್ಳಿನ ಸುತ್ತ ಮೆಲ್ಲಗೆ ಕೆದಕಿದಳು. ಕಣ್ಣು ಮಂಜಾಗಿ ಮುಳ್ಳು ಸರಿಯಾಗಿ ಕಾಣುತ್ತಿರಲಿಲ್ಲ.

“ಅತ್ತಿಗೆ, ಆವತ್ತು ಅಮ್ಮ...”

“ಸುಮ್ಮನಿರೇ.”

“ಇಲ್ಲ, ಹೇಳ್ಬೇಕು ನಾನು.”

“ಹೇಳೋದಾದ್ರೆ ಮನೇಲಿ ಹೇಳು. ನಿಮ್ಮಣ್ಣನೂ ಕೇಳ್ಲಿ. ಇಬ್ಬರ ಮಧ್ಯೆ ಅವರ ಸೊಂಟದ ಜೊತೆ ನಾಲಿಗೇನೂ ಹಿಡ್ಕೊಂಡಿದೆ, ಪಾಪ.” ಮುಳ್ಳು ಹೊರಬಂತು. ಅದನ್ನು ಬೆರಳ ತುದಿಯಲ್ಲಿಟ್ಟು ತೋರಿಸಿದಳು. “ನೋಡು, ಇಷ್ಟಿದೆ. ಇದನ್ನಿಟ್ಕೊಂಡೇ ಡ್ರಮ್ಮು ತಳ್ಳಿದೀಯಾ.”

ನಾದಿನಿ ನಗಲು ಹೋಗಿ ಅತ್ತುಬಿಟ್ಟಳು. ಅತ್ತಿಗೆಯ ಭುಜಕ್ಕೆ ತಲೆಯಿಟ್ಟು, ಮರಳು ಮೆತ್ತಿದ ಕೈಯಲ್ಲೇ ಅವಳ ಸೆರಗು ಹಿಡಿದುಕೊಂಡು ಅತ್ತಳು. ಮಕ್ಕಳು ಕಥೆ ನಿಲ್ಲಿಸಿ ನೋಡಿದರು. ಬಸ್ ಡ್ರೈವರು ಅವರನ್ನು, “ನಡೀರಿ ನಡೀರಿ, ದೊಡ್ಡೋರು ಮಾತಾಡ್ತಿದಾರೆ,” ಎಂದು ಅಟ್ಟಿಕೊಂಡು ಹೋದ.

ಅಂದು ಸಂಜೆ ನಾದಿನಿ ಅಣ್ಣನ ಮನೆಯ ಹೊಸ್ತಿಲು ದಾಟಿದಾಗ ಅವನು ಒಲೆಯ ಮುಂದೆ ಸೊಂಟ ಹಿಡಿದುಕೊಂಡು ಅನ್ನಕ್ಕೆ ನೀರಿಡುತ್ತಿದ್ದ. ಇಬ್ಬರನ್ನೂ ಒಟ್ಟಿಗೆ ಕಂಡು, “ಏನಾಯ್ತು? ಯಾರು ಹೋದ್ರು?” ಅಂದ.

“ಯಾರೂ ಹೋಗಿಲ್ಲ ಅಣ್ಣ. ಎಲ್ಲಾರೂ ಇದೀವಿ.”

ಅವನು ಅವಳ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಡಬ್ಬಿಯಿಂದ ಇನ್ನೆರಡು ಹಿಡಿ ಅಕ್ಕಿ ತೆಗೆದು ಪಾತ್ರೆಗೆ ಹಾಕಿದ. ಆ ರಾತ್ರಿ ಅಮ್ಮನ ಮಾತು ಬಂತು. ಅವರೆಕಾಯಿ ಸುಲಿಯುತ್ತ ಕೂತು ಸಾಯುತ್ತೇನೆ ಎಂದು ಹೇಳಿಕಳಿಸುತ್ತಿದ್ದ ಅಮ್ಮನನ್ನು ನೆನೆದು ಮೂವರೂ ಅತ್ತರು, ಮೂವರೂ ನಕ್ಕರು.

‘ಅತ್ತಿಗೆ ಹೇಳಿದಾರೆ’ ಎಂಬ ಮಾತು ಬಸ್ ಡ್ರೈವರಿನ ಬಾಯಿಂದ ಕಾಡ್ಗಿಚ್ಚಿನಂತೆ ಹಬ್ಬಿತು. ಮೇಲಿನ ತುದಿಯಲ್ಲಿ ಯಾರಾದರೂ ಹೊಸಬರು ಕೆಂಪು ಬೋರ್ಡಿಗೆ ಗೊಣಗಿದರೆ ಹಿಂದಿನ ಗಾಡಿಯವರು, “ಅತ್ತಿಗೆ ಹೇಳಿದಾರೆ ಸ್ವಾಮಿ, ಸುಮ್ನೆ ನಿಂತ್ಕೊಳ್ಳಿ,” ಅನ್ನುತ್ತಿದ್ದರು. ಬಾವುಟದಕ್ಕ ಸೀಮೆಗೆಲ್ಲ ಅತ್ತಿಗೆಯಾದಳು. ಮಣಿಕಟ್ಟಿಗೆ ಪಟ್ಟಿ ಹಾಕಿಕೊಂಡ ಲಾರಿ ಡ್ರೈವರು ಒಂದು ದಿನ ಹೆಂಡತಿಯನ್ನು ಕರೆದುಕೊಂಡು ಬಂದ. ಆಕೆ ಏನೋ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳಂತೆ. ಎದುರಿಗೆ ಬಂದಾಗ ಒಂದೂ ನೆನಪಾಗದೆ ಬಾವುಟದಕ್ಕನ ಕೈ ಹಿಡಿದುಕೊಂಡು ನಿಂತಳು. “ಕೆಳಗೂ ಹೋಗಿ ಬಾ ತಾಯಿ. ನಾನು ಬರೀ ಬಾಯಿ. ಕೈ ಅವಳದು,” ಎಂದು ಬಾವುಟದಕ್ಕ ಕಳಿಸಿಕೊಟ್ಟಳು.

ವಾಕಿಟಾಕಿ ಈಗ ಒಂದು ಕ್ಷಣ ಬಾಯಿ ಮುಚ್ಚುತ್ತಿರಲಿಲ್ಲ. “ಅತ್ತಿಗೆ, ಕೊನೇದು ಹಸಿರು ಟ್ರ್ಯಾಕ್ಟರು, ಅದರಲ್ಲಿ ಕೂತಿರೋಳ ಸೀರೆ ಬಣ್ಣ ನೋಡಿ, ನಮ್ಮ ಹುಡುಗಿಗೆ ಅಂಥದ್ದೇ ತರ್ಬೇಕು.” “ನೋಡ್ದೆ, ಚೆನ್ನಾಗಿದೆ, ಆದ್ರೆ ಬೇಗ ಮಾಸುತ್ತೆ ಕಣೇ.” ಮೇಸ್ತ್ರಿ ತಲೆ ಚಚ್ಚಿಕೊಂಡ. “ನೀವಿಬ್ರೂ ಮಾತು ಬಿಟ್ಟಿದ್ದಾಗಲೇ ಬ್ಯಾಟರಿ ಉಳೀತಿತ್ತು,” ಅಂದ.

ಗೋಡೆ ಮುಗಿದು ರಸ್ತೆ ಪೂರ್ತಿ ತೆರೆದ ದಿನ ಇಬ್ಬರೂ ಬೋರ್ಡುಗಳನ್ನು ಒಪ್ಪಿಸಿದರು. ನದಿಯಾಚೆ ಸೇತುವೆಯ ಕೆಲಸ ಶುರುವಾಗಲಿದೆ, ಅಲ್ಲಿಗೂ ನೀವೇ ಬರಬೇಕು ಎಂದು ಮೇಸ್ತ್ರಿ ಹೇಳಿದ. ಬೇರೆಯವರನ್ನು ನಿಲ್ಲಿಸಿದರೆ ಡ್ರೈವರುಗಳು ಒಪ್ಪುವುದಿಲ್ಲವಂತೆ. ಬರಿಗೈಯಲ್ಲಿ ನಡೆದುಕೊಂಡು ಹೊರಟವರು ಹೊಸ ಗೋಡೆಯ ಬಳಿ ನಿಂತರು. ಸಿಮೆಂಟು ಇನ್ನೂ ಬಿಳಿ. ಅದರ ಮೇಲೆ ಕೈಯೂರಿ ಬಗ್ಗಿದರೆ ಕಣಿವೆಯೆಲ್ಲ ಕಾಣುತ್ತಿತ್ತು. ಇಷ್ಟು ದಿನ ಆ ಕಡೆ ನೋಡಲು ಬಿಡುವೇ ಇರಲಿಲ್ಲ. ಕೆಳಗೆ ಹೊಲಗಳು ಹಸಿರಾಗಿದ್ದವು. ಯಾರದೋ ಮನೆಯ ಮುಂದೆ ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು.

ಅಷ್ಟರಲ್ಲಿ ಮೇಲಿನಿಂದ ಹಾಲಿನ ವ್ಯಾನು, ಕೆಳಗಿನಿಂದ ಶಾಲೆಯ ಬಸ್ಸು ಬಂದವು. ರಸ್ತೆ ಅಗಲವಾಗಿತ್ತು, ಎರಡೂ ಆರಾಮವಾಗಿ ಹಾದುಹೋಗಬಹುದಿತ್ತು. ಆದರೂ ಇವರನ್ನು ಕಂಡು ಎರಡೂ ಗಕ್ಕನೆ ನಿಂತವು.

“ಯಾಕ್ರೋ ನಿಂತ್ರಿ?” ಅಂದಳು ಬಾವುಟದಕ್ಕ.

“ನೀವು ಹೇಳದೆ ಹೆಂಗೆ ಹೋಗೋದು ಅತ್ತಿಗೆ?” ಅಂದ ವ್ಯಾನಿನವನು.

ನಾದಿನಿ ಬಸ್ಸಿನ ಕಡೆ ತಿರುಗಿದಳು, ಬಾವುಟದಕ್ಕ ವ್ಯಾನಿನ ಕಡೆ. ಇಬ್ಬರೂ ಕೈಯೆತ್ತಿ, “ಹೋಗಿ ಬನ್ನಿ,” ಅಂದರು.